ಸಂಸಾರಕ್ಕೆ ಕೊಟ್ಟ ಅಕ್ಕಿ

ಅಳಿಯ ತೀರಿಕೊಂಡ ಸುದ್ದಿ ಅವನ ಫೋನಿನಿಂದಲೇ ಬಂತು. ಸೋಮವಾರ ಬೆಳಗ್ಗೆ. ನಾನು ಹಣೆಗೆ ನಾಮ ಇಟ್ಟುಕೊಂಡು ದೇವರ ಮುಂದೆ ಕೂತಿದ್ದೆ. ಫೋನು ಹೊಡೆದುಕೊಂಡಿತು. ಯೋಗಾನಂದನ ಹೆಸರು ಕಂಡಿತು. ಎತ್ತಿದರೆ ಧ್ವನಿ ಬೇರೆ.

"ಯಜಮಾನ್ರೇ, ನಾನು ಮಾಗಡಿ ಬಸ್ಸಿನ ಕಂಡಕ್ಟ್ರು. ಈ ಫೋನಿನೋರು ಹೋಗ್ಬುಟ್ರು."

"ಫೋನ್ ಬುಟ್ಟು ಹೋದ್ನಾ? ಎಲ್ಲಿಳ್ದ?"

"ಇಳೀಲಿಲ್ಲ. ಸೀಟಲ್ಲೇ ಅವ್ರೆ."

"ಸೀಟಲ್ಲೇ ಇದ್ರೆ ಅವ್ನ ಕೈಗೇ ಕೊಡಪ್ಪ ಫೋನ."

ಬಸ್ಸಿನ ಸದ್ದು ಕೇಳುತ್ತಿತ್ತು. ಹಿಂದೆ ಯಾರೋ ಹೆಂಗಸು, "ನೆಟ್ಟಗೆ ಹೇಳ್ರೀ, ವಯಸ್ಸಾದೋರು ಪಾಪ" ಎಂದಳು.

"ಯಜಮಾನ್ರೇ, ಹೋಗ್ಬುಟ್ರು ಅಂದ್ರೆ ಉಸ್ರು ಹೋಗ್ಬುಡ್ತು. ಜಾಲಮಂಗಲ ದಾಟಿದ್ ಮೇಲೆ ನೋಡಿದ್ವಿ. ಟಿಕೆಟ್ಟು ಮಾಗಡಿಗೆ ತಗಂಡವ್ರೆ. ಅಲ್ಲಿಗೇ ಕರ್ಕಂಡೋಯ್ತಾ ಇದೀವಿ. ಆಸ್ಪತ್ರೆತಾವ ಬನ್ನಿ."

ಹೀಗೆ ನನ್ನ ತಂಗಿಯ ಮಗ, ನನ್ನ ಮಗಳ ಗಂಡ, ಮೂವತ್ತೆಂಟು ವರ್ಷದ ಯೋಗಾನಂದ, ಸತ್ತ ಮೇಲೂ ಟಿಕೆಟ್ಟು ಕೊಂಡಷ್ಟು ದೂರ ಪ್ರಯಾಣ ಮಾಡಿದ. ಪಕ್ಕದಲ್ಲಿ ಕೂತಿದ್ದವನು ಎದ್ದು ಹೋಗಿ ಬಾಗಿಲ ಬಳಿ ನಿಂತನಂತೆ. ಮಿಕ್ಕವರು ಕೂತೇ ಇದ್ದರಂತೆ. ಅವರಿಗೂ ಮಾಗಡಿಯಲ್ಲಿ ಕೆಲಸವಿತ್ತು.

ನಾನು ರಾಮನಗರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿ ಬದುಕಿದವನು. ಚಲುವಯ್ಯ ಎಂದು ಹೆಸರು. ಮದುವೆ ಪತ್ರ, ತಿಥಿ ಪತ್ರಗಳೇ ನಮಗೆ ಹೆಚ್ಚು ಬರುತ್ತಿದ್ದವು. ಸತ್ತ ಎಂದು ಯಾರೂ ಅಚ್ಚು ಹಾಕಿಸುವುದಿಲ್ಲ. ದೈವಾಧೀನ, ಸ್ವರ್ಗಸ್ಥ, ವೈಕುಂಠವಾಸಿ. ಸತ್ತವನಿಗೆ ಅದರಿಂದ ನಷ್ಟವಿಲ್ಲ. ಬದುಕಿರುವವನು ತನ್ನ ಕಾಯಿಲೆಯನ್ನು ಮರೆಯ ಮಾತಿನಲ್ಲಿ ಹೇಳಿದರೆ ಏನಾಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ಅದನ್ನು ಬರೆಯುತ್ತೇನೆ. ನನ್ನ ಅಳಿಯನ ಸಾವಿನಲ್ಲಿ ಕಿಡ್ನಿಯ ಪಾಲು ಎಷ್ಟೋ ಇರಬಹುದು. ಮನುಷ್ಯರ ಪಾಲೂ ಇದೆ.

ಯೋಗಾನಂದ ಬಿಡದಿಯ ಒಂದು ತಟ್ಟೆ ಇಡ್ಲಿ ಹೋಟೆಲಿನಲ್ಲಿ ಒಲೆಯ ಮುಂದೆ ಕೆಲಸ ಮಾಡುತ್ತಿದ್ದ. ಬೆಳಗಿನ ಜಾವದ ರೈಲಿಗೆ ಹೋಗುತ್ತಿದ್ದ. ಹಿಟ್ಟು ಹುಯ್ಯುವುದು, ತಟ್ಟೆಗಳ ಸ್ಟ್ಯಾಂಡನ್ನು ಹಬೆಯೊಳಗೆ ಇಳಿಸುವುದು, ಬೆಂದದ್ದನ್ನು ಎತ್ತುವುದು. ಮತ್ತೆ ಹುಯ್ಯುವುದು. ಹಬೆಗೆ ಮುಂಗೈಯ ರೋಮವೆಲ್ಲ ಉದುರಿ ಚರ್ಮ ನುಣ್ಣಗಾಗಿತ್ತು. ಮೊದಲು ತಲೆನೋವು ಎಂದ. ಆಮೇಲೆ ಕಾಲು ಊದಿತು. ಬಿಪಿ ಇದೆ ಎಂದು ಗೊತ್ತಾಗುವ ಹೊತ್ತಿಗೆ ಎರಡು ಕಿಡ್ನಿಯೂ ಕೆಟ್ಟಿದ್ದವು. ವಾರಕ್ಕೆ ಮೂರು ದಿನ ಮೈಯ ರಕ್ತವನ್ನು ಯಂತ್ರಕ್ಕೆ ಕೊಟ್ಟು, ತೊಳೆಸಿ, ವಾಪಸು ಪಡೆಯಬೇಕು. ಅದಕ್ಕೆಂದು ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದರು. ಆ ಜಾಗ ಹಗ್ಗದ ಗಂಟಿನಂತೆ ಉಬ್ಬಿತು. ಮುಟ್ಟಿದರೆ ಒಳಗೆ ಜುಮ್ಮೆನ್ನುತ್ತಿತ್ತು. ಆ ಕೈಯಲ್ಲಿ ಭಾರ ಎತ್ತಬಾರದು ಎಂದರು.

ಹೋಟೆಲ್ ಮಾಲೀಕನಿಗೆ ಭಾರಕ್ಕಿಂತ ಉಬ್ಬಿನ ಚಿಂತೆ.

"ಗಿರಾಕಿಗಳು ನಿನ್ ಕೈ ನೋಡ್ತಾರೆ ಕಣಪ್ಪ. ಇಡ್ಲಿ ಬುಟ್ಟು ಎದ್ದೋಯ್ತಾರೆ."

"ತುಂಬು ತೋಳಿನ ಅಂಗಿ ಹಾಕ್ಕತೀನಣ್ಣ."

"ಒಲೆ ಮುಂದೆ ತುಂಬು ತೋಳು ಹಾಕ್ಕಂಡ್ ನಿಂತ್ರೆ ಇನ್ನೂ ನೋಡ್ತಾರೆ."

ಕೆಲಸ ಹೋಯಿತು. ನನ್ನ ಮಗಳು ಧನಲಕ್ಷ್ಮಿ ಹಾರೋಹಳ್ಳಿಯ ಒಂದು ಕಾರ್ಖಾನೆಗೆ ಹೋಗತೊಡಗಿದಳು. ಯೋಗಾನಂದ ಮನೆಯಲ್ಲಿ ಅಡುಗೆ ಮಾಡಿದ, ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ. ಇದರಲ್ಲಿ ಯಾವುದಕ್ಕೂ ಅವನು ನಾಚಲಿಲ್ಲ.

ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಒಂದು ದಿನ ಅವನ ಚಾಪೆ ನಡುಮನೆಗೆ ಬಂತು. ಆಮೇಲೆ ಅಲ್ಲೇ ಉಳಿಯಿತು. ನಾನು ಸುಮಾರು ದಿನ ನೋಡಿ, ತಡೆಯಲಾರದೆ ಕೇಳಿದೆ.

"ಏನ್ಲಾ ಯೋಗ, ಜಗ್ಳ ಆಡಿದ್ರಾ?"

"ಇಲ್ಲ ಮಾವ."

"ಮತ್ ಯಾಕಿಲ್ಲಿ ಮಲಗ್ತೀಯ?"

ಅವನು ಗೋಡೆಯ ಕಡೆ ತಿರುಗಿದ. "ಸಂಸಾರ ಮಾಡಕಾಯ್ತಿಲ್ಲ ಮಾವ."

ನಮ್ಮ ಕಡೆ ಈ ಮಾತು ಎರಡು ಕೆಲಸ ಮಾಡುತ್ತದೆ. ಅಕ್ಕಿ, ಬೇಳೆ, ಮಕ್ಕಳ ಫೀಸು, ಇವೆಲ್ಲ ಸಂಸಾರ. ಬಾಗಿಲು ಹಾಕಿಕೊಂಡ ಮೇಲೆ ಗಂಡ ಹೆಂಡತಿಯ ನಡುವೆ ನಡೆಯುವುದೂ ಸಂಸಾರ. ಹಿರಿಯರ ಮುಂದೆ ಆಡಬಹುದಾದ ಮಾತು ಅದೊಂದೇ. ಒಬ್ಬ ಗಂಡಸು ಕಣ್ಣು ತಪ್ಪಿಸಿ ಈ ಮಾತು ಹೇಳಿದರೆ, ಕನಕಪುರದಿಂದ ಮಾಗಡಿಯವರೆಗೆ ಯಾರಿಗೂ ತಪ್ಪಾಗಿ ತಿಳಿಯುವುದಿಲ್ಲ. ನನಗೂ ತಿಳಿಯಿತು. ಮಂಚದ ಮೇಲೆ ಒಬ್ಬಳೇ ಮಲಗಿರುವವಳು ನನ್ನ ಮಗಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

"ಯಾವಾಗ್ಲಿಂದ್ಲಾ?"

"ಮಿಸಿನ್ ಶುರುವಾದಾಗ್ಲಿಂದ."

"ಅವ್ಳೇನಂತಾಳೆ?"

"ಏನೂ ಅನ್ನಕಿಲ್ಲ. ಅದ್ಕೇ ಆಚೆ ಬಂದ್ಬುಟ್ಟೆ."

"ಡಾಕ್ಟ್ರಿಗೆ ಹೇಳು."

"ನೀವೂ ಒಸಿ ಬನ್ನಿ ಮಾವ. ಒಬ್ನೇ ಹೇಳಕಾಗಕಿಲ್ಲ."

ಹೋದೆ. ಡಯಾಲಿಸಿಸ್ ಕೇಂದ್ರ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಒಂದು ಸೇವಾ ಬಳಗದವರು ಅದನ್ನು ನಡೆಸುತ್ತಿದ್ದರು. ಗೋಡೆಯ ತುಂಬ ದಾನಿಗಳ ಫೋಟೋ. ಒಂದೊಂದು ಕುರ್ಚಿಯ ಮೇಲೂ ಕೊಟ್ಟವರ ಹೆಸರು. ಯೋಗಾನಂದ ಒರಗುತ್ತಿದ್ದ ಕುರ್ಚಿ ಒಬ್ಬ ಗ್ರಾನೈಟ್ ವ್ಯಾಪಾರಿಯ ತಾಯಿಯ ನೆನಪಿನದು. ಅವನ ತಲೆಯ ಹಿಂದೆ ಆ ತಾಯಿಯ ಹೆಸರು ಯಾವಾಗಲೂ ಕಾಣುತ್ತಿತ್ತು.

ಡಾಕ್ಟರು ಕುರ್ಚಿಯಿಂದ ಕುರ್ಚಿಗೆ ಬಂದರು. ಯೋಗಾನಂದನ ಕೈಯಲ್ಲಿ ಆಗಲೇ ಎರಡು ಸೂಜಿ ಇದ್ದವು.

"ಡಾಕ್ಟ್ರೇ, ಒಂದ್ ಮಾತು. ಸಂಸಾರ ಮಾಡಕಾಯ್ತಿಲ್ಲ."

ಡಾಕ್ಟರು ಯಂತ್ರದ ಮೇಲಿನ ಅಂಕಿ ನೋಡುತ್ತಿದ್ದರು. "ಈಗ ಎಲ್ಲರದೂ ಅದೇ ಕಥೆ. ಬೆಲೆ ನೋಡಿ, ಹೇಗೆ ಏರಿದೆ." ಆಮೇಲೆ ಸಹಾಯದ ಮೇಜಿನ ಕಡೆ ತಿರುಗಿದರು. "ಮೇಡಂ, ಇವರ ಸಂಸಾರ ನಡೀತಿಲ್ಲವಂತೆ. ಏನಾದರೂ ಮಾಡಿ."

ಮುಂದಿನ ಸಲ ಮಾಡಿದರು. ಒಂದು ಮೂಟೆ ಅಕ್ಕಿ, ತೊಗರಿಬೇಳೆ, ಎಣ್ಣೆ, ಸಕ್ಕರೆ, ಒಂದು ಗೊನೆ ಬಾಳೆಹಣ್ಣು. ಸೂಜಿ ಚುಚ್ಚಿಸಿಕೊಂಡು ಅಲ್ಲಾಡದೆ ಕೂತಿದ್ದವನ ತೊಡೆಯ ಮೇಲೆ ಮೂಟೆ ಇಟ್ಟರು. ಬಳಗದವರು ಸುತ್ತ ನಿಂತರು. ಫೋಟೋ ಆಯಿತು. ಫೋಟೋ ಆದ ಮೇಲೆ ನರ್ಸ್ ತಸ್ಲೀಮಾ ಬಂದು ಗೊನೆ ಎತ್ತಿಕೊಂಡಳು. "ಬಾಳೆಹಣ್ಣು ಕಿಡ್ನಿ ಕೆಟ್ಟೋರು ತಿನ್ನಂಗಿಲ್ಲ ಅಣ್ಣ, ಹಾರ್ಟಿಗೆ ಒಳ್ಳೇದಲ್ಲ" ಎಂದಳು. ಅವಳು ಹೇಳಿದ್ದು ಸರಿಯೇ.

ಪಕ್ಕದ ಕುರ್ಚಿಯಲ್ಲಿ ಹಬೀಬ. ರೇಷ್ಮೆ ಬಿಚ್ಚುವವನು. ಗೂಡು ಬೇಯುವ ಬಿಸಿನೀರಿನಲ್ಲಿ ಮೂವತ್ತು ವರ್ಷ ಕೈಯಾಡಿಸಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

"ಏನ್ ಕೇಳ್ದೆ ಯೋಗಣ್ಣ, ಅಕ್ಕಿ ಕೊಟ್ರು?"

ಯೋಗಾನಂದ ತಗ್ಗಿದ ಧ್ವನಿಯಲ್ಲಿ ಹೇಳಿದ. ಹಬೀಬ ನಕ್ಕ. ನಗು ತಡೆಯಲಾಗದೆ ಕೈ ಅಲ್ಲಾಡಿ ಅವನ ಯಂತ್ರ ಕೂಗಿಕೊಂಡಿತು. ತಸ್ಲೀಮಾ ಓಡಿ ಬಂದು ಬೈದು ಹೋದಳು.

"ನಾನ್ ಹೋದ್ ವರ್ಸಾನೇ ಹೇಳಿದ್ದೆ ಕಣಣ್ಣ. 'ರಾತ್ರಿ ಹೊತ್ತು ತೊಂದ್ರೆ ಆಗ್ತೈತೆ ಡಾಕ್ಟರ್ ಸಾಬ್' ಅಂದೆ. ಕಂಬ್ಳಿ ಕೊಟ್ರು."

"ಕಂಬ್ಳಿನಾ?"

"ಒಳ್ಳೇ ಕಂಬ್ಳಿ. ಬೆಚ್ಚಗೈತೆ. ಕೆಲ್ಸ ಆಗ್ಲಿಲ್ಲ ಅಷ್ಟೇ. ಅಗೋ, ಆ ಮೂಲೇಲಿ ಕನಕಪುರದ ಇದ್ರೀಸ್. ಅವ್ನು 'ಮೈಯಾಗೆ ಕಸುವಿಲ್ಲ' ಅಂದ. ಪೌಡರ್ ಡಬ್ಬ ಕೊಟ್ರು. ಮಕ್ಳು ಕುಡ್ದು ದಪ್ಪ ಆದ್ರು."

ಯೋಗಾನಂದ ಬಿಡಲಿಲ್ಲ. ಮುಂದಿನ ತಿಂಗಳು ಇನ್ನೂ ಬಿಡಿಸಿ ಹೇಳಿದ. "ಹೆಂಡ್ತಿ ಹತ್ರ ಹೋಗಕಾಯ್ತಿಲ್ಲ ಡಾಕ್ಟ್ರೇ." ಸಹಾಯದ ಮೇಜಿನ ಮೇಡಂ ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು ತಿಳಿದುಕೊಂಡರು. ಅವನ ಅಂಗಿಯ ಜೇಬಿಗೆ ಬಸ್ ಚಾರ್ಜು ಇಟ್ಟರು. "ನೀವೇ ಮೊದಲು ಹೋಗಿ. ಗಂಡಸರು ಒಂದು ಹೆಜ್ಜೆ ಸೋತರೆ ತಪ್ಪಿಲ್ಲ" ಎಂದರು. ಅವಳು ಮನೆಯಲ್ಲೇ ಇದ್ದಾಳೆ ಎಂದಾಗ ಜಗಳ ಎಂದುಕೊಂಡರು. ಧನಲಕ್ಷ್ಮಿಯನ್ನು ಕರೆಸಿದರು. ಕಾರ್ಖಾನೆಗೆ ರಜೆ ಹಾಕಿ ಹೋದಳು. ಗಂಡನ ಮೇಲೆ ಸಿಡುಕಬಾರದು, ನಗುನಗುತ್ತ ಇರಬೇಕು, ಕಾಯಿಲೆಯವರಿಗೆ ಹೆಂಡತಿಯೇ ಅರ್ಧ ಔಷಧಿ ಎಂದು ಬಹಳ ಹೊತ್ತು ಬುದ್ಧಿ ಹೇಳಿದರು. ಕೊನೆಗೆ ಒಂದು ಹೊಲಿಗೆ ಯಂತ್ರ ಕೊಟ್ಟು ಆಟೋ ಹತ್ತಿಸಿದರು.

ಮನೆಗೆ ಬಂದವಳು ಆ ಯಂತ್ರದ ಮುಂದೆ ಕೂತು, "ಅಪ್ಪಾ, ಇದ್ರಲ್ಲೇನ್ ಹೊಲೀಲಿ?" ಎಂದು ಕೇಳಿದಳು.

ಮಾರನೆಯ ವಾರ ಡಾಕ್ಟರನ್ನು ಹೊರಗೆ ಕಾರಿನ ಬಳಿ ನಾನೇ ಹಿಡಿದೆ. ಹೇಳಬಾರದ ಮಾತನ್ನು ಹೇಳಬಹುದಾದಷ್ಟು ಸ್ಪಷ್ಟವಾಗಿ ಹೇಳಿದೆ. "ಡಾಕ್ಟರೇ, ಇದು ರೇಷನ್ ವಿಷಯವಲ್ಲ. ಗಂಡ ಹೆಂಡತಿ ಕೂಡುವ ವಿಷಯ. ಅವನ ಮೈ ಸಹಕರಿಸುತ್ತಿಲ್ಲ."

ಅವರು ಕಾರಿನ ಬಾಗಿಲು ತೆರೆದರು. "ಮಕ್ಕಳೆಷ್ಟು ಅವರಿಗೆ?"

"ಒಬ್ಬಳು."

"ಮತ್ತೇನು? ಒಂದು ಮಗು ಇದೆ. ಉಸಿರಾಡ್ತಿದ್ದಾರೆ. ಈ ಸ್ಥಿತಿಯಲ್ಲಿ ಅದೊಂದು ಬೇಕಾ? ದೇವರ ಸ್ಮರಣೆ ಮಾಡಿಕೊಂಡಿರೋಕೆ ಹೇಳಿ. ನಾಮ ಇಟ್ಟಿದ್ದೀರಿ, ನಿಮಗೆ ನಾನು ಹೇಳಬೇಕೆ?"

ನನಗೆ ಮೈ ಉರಿಯಿತು. "ನಾನು ಪೂಜೆ ಮಾಡುವ ಸ್ವಾಮಿಯ ಎದೆಯ ಮೇಲೆ ಲಕ್ಷ್ಮಿ ಇದ್ದಾಳೆ ಡಾಕ್ಟರೇ. ಹೆಂಡತಿಯನ್ನು ಎದೆಯಿಂದ ಇಳಿಸದ ದೇವರು ಅವನು. ಅವನ ಹೆಸರು ಹೇಳಿ ನನ್ನ ಅಳಿಯನನ್ನು ನಡುಮನೆಯಲ್ಲಿ ಮಲಗಿಸಬೇಡಿ."

ಅವರು ನಕ್ಕರು. ಕಾರು ಹೋಯಿತು. ಒಂದು ವಿಷಯ ಮಾತ್ರ ನನಗೆ ಗೊತ್ತಾಯಿತು. ಅವರಿಗೆ ಕನ್ನಡ ತಿಳಿಯುತ್ತಿತ್ತು. ಬಡವನಿಗೆ ಹಸಿವು ಹೊಟ್ಟೆಯಲ್ಲಿ ಮಾತ್ರ ಇರುತ್ತದೆ ಎಂದು ಅವರು ತೀರ್ಮಾನಿಸಿದ್ದರು. ಹೊಟ್ಟೆಗೆ ಅಕ್ಕಿ ಕೊಟ್ಟು ಕೈ ತೊಳೆದುಕೊಂಡಿದ್ದರು.

ಮಾರ್ಚ್ ತಿಂಗಳಲ್ಲಿ ಕಿಡ್ನಿ ದಿನಾಚರಣೆ ಬಂತು. ಕೇಂದ್ರದ ಮುಂದೆ ಒಂದು ಫ್ಲೆಕ್ಸ್ ಎದ್ದಿತು. ತೊಡೆಯ ಮೇಲೆ ಅಕ್ಕಿ ಮೂಟೆ ಇಟ್ಟುಕೊಂಡ ಯೋಗಾನಂದ, ಪಕ್ಕದಲ್ಲಿ ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಧನಲಕ್ಷ್ಮಿ. ಕೆಳಗೆ ದಪ್ಪ ಅಕ್ಷರ: 'ಕಷ್ಟದಲ್ಲೂ ಸಂಸಾರ ಸಾಗಿಸುತ್ತಿರುವ ಆದರ್ಶ ದಂಪತಿಗೆ ಸನ್ಮಾನ.'

ಹಬೀಬ ಅದರ ಮುಂದೆ ನಿಂತು ಓದಿದ. "ಫ್ಲೆಕ್ಸಲ್ಲಾದ್ರೂ ಸಂಸಾರ ಮಾಡ್ತಾ ಇದೀಯ ಬುಡು ಯೋಗಣ್ಣ."

ಯೋಗಾನಂದ ಬರುವುದಿಲ್ಲ ಎಂದ. ಕೇಂದ್ರದ ಮ್ಯಾನೇಜರು ಅವನ ಕುರ್ಚಿಯ ಪಕ್ಕ ಬಂದು ಮೆತ್ತಗೆ ಹೇಳಿದರು. "ಬರದೆ ಇದ್ದರೆ ಹೇಗ್ರೀ? ನೀವು ಕೂರುವ ಕುರ್ಚಿ ಕೊಟ್ಟವರೇ ಬರ್ತಾರೆ. ಬೇಜಾರು ಮಾಡ್ಕೋತಾರೆ." ಸೂಜಿ ಚುಚ್ಚಿಸಿಕೊಂಡವನು ಎದ್ದು ಹೋಗಲಾರ. ಬರುತ್ತೇನೆ ಎಂದ.

ಸಭೆಗೆ ಶಾಮಿಯಾನ ಹಾಕಿದ್ದರು. ಕುರ್ಚಿಗಳ ತುಂಬ ರೋಗಿಗಳು, ಅವರ ಮನೆಯವರು. ನಾನು ಮುಂದಿನ ಸಾಲಿನಲ್ಲಿದ್ದೆ. ವೇದಿಕೆಯ ಮೇಲೆ ಬಳಗದ ಅಧ್ಯಕ್ಷರು, ಡಾಕ್ಟರು, ದಾನಿಗಳು. ಅವರೆಲ್ಲರ ನಡುವೆ ಒಂದು ಹೊಸ ಜೋಡಿ ಮಂಚ. ಹಾಸಿಗೆ, ಎರಡು ದಿಂಬು, ಸುತ್ತ ಕೆಂಪು ರಿಬ್ಬನ್. ಒಬ್ಬ ಫರ್ನಿಚರ್ ಅಂಗಡಿಯವರು ಆದರ್ಶ ದಂಪತಿಗೆ ಕೊಟ್ಟ ಬಹುಮಾನ.

ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಶಾಲು ಹೊದಿಸಿ, ಪೇಟ ತೊಡಿಸಿ, ರಿಬ್ಬನ್ ಕತ್ತರಿಸಿ, ಆ ಇಬ್ಬರನ್ನೂ ಊರ ಜನರ ಮುಂದೆ ಮಂಚದ ಮೇಲೆ ಕೂರಿಸಿದರು. ಫೋಟೋದವನು ಕೈಯಾಡಿಸಿದ. "ಅಣ್ಣ, ಒಸಿ ಹತ್ರ ಬನ್ನಿ. ಅಕ್ಕ, ತಲೆ ಎತ್ತಿ." ನನ್ನ ಮಗಳು ತಲೆ ಎತ್ತಲಿಲ್ಲ. ಅವಳ ಕುತ್ತಿಗೆಯ ನರ ಬಿಗಿದದ್ದು ನನಗೆ ಕೆಳಗಿನಿಂದ ಕಂಡಿತು.

ಅಧ್ಯಕ್ಷರು ಮಾತಾಡಿದರು. ಸಂಸಾರ ಮಾಡುವುದು ಹೇಗೆಂದು ಇಂದಿನ ಯುವಕರು ಈ ದಂಪತಿಯನ್ನು ನೋಡಿ ಕಲಿಯಬೇಕು ಎಂದರು. ಚಪ್ಪಾಳೆ ಬಿತ್ತು. ಮೈಕನ್ನು ಯೋಗಾನಂದನ ಬಾಯಿಗೆ ಹಿಡಿದು, "ಎರಡು ಮಾತು" ಎಂದರು.

ಅವನು ಪೇಟ ತೆಗೆದು ದಿಂಬಿನ ಮೇಲೆ ಇಟ್ಟ.

"ಎಲ್ಲಾರ್ಗೂ ನಮಸ್ಕಾರ. ನಾನು ಅಕ್ಕಿ ಕೇಳ್ಲಿಲ್ಲ. ನಂದು ಏಳ್ತಿಲ್ಲ. ಡಯಾಲಿಸಿಸ್ ಶುರುವಾದಾಗ್ಲಿಂದ ಏಳ್ತಿಲ್ಲ. ಅದ್ಕೆ ಔಸ್ತಿ ಐತಾ ಅಂತ ಕೇಳ್ದೆ. ಅಕ್ಕಿ ಕೊಟ್ರಿ. ಬಸ್ ಚಾರ್ಜ್ ಕೊಟ್ರಿ. ಹೊಲ್ಗೆ ಮಿಸಿನ್ ಕೊಟ್ರಿ. ಈಗ ಮಂಚ ಕೊಟ್ಟಿದೀರ. ಮಂಚ ನಮ್ಮನೇಲೈತೆ ಸ್ವಾಮಿ. ಔಸ್ತಿ ಇದ್ರೆ ಐತೆ ಅನ್ನಿ. ಇಲ್ದಿದ್ರೆ ಇಲ್ಲ ಅನ್ನಿ. ಬದುಕಿರೋನ ಬಾಯಿಗೆ ಅಕ್ಕಿ ಹಾಕಬ್ಯಾಡಿ."

ನಮ್ಮಲ್ಲಿ ಬಾಯಿಗೆ ಅಕ್ಕಿ ಹಾಕುವುದು ಹೆಣಕ್ಕೆ. ಯಾರೋ ಓಡಿ ಹೋಗಿ ಮೈಕಿನ ತಂತಿ ಕಿತ್ತರು. ಅಷ್ಟರಲ್ಲಿ ಹೇಳುವುದೆಲ್ಲ ಹೇಳಿಯಾಗಿತ್ತು.

ಹಿಂದಿನ ಸಾಲಿನಲ್ಲಿ ಹಬೀಬ ಎದ್ದ. ಉಬ್ಬಿದ ಎಡಗೈಯನ್ನು ಮೇಲೆತ್ತಿದ. "ನಂದೂ."

ಮೂಲೆಯಿಂದ ಇದ್ರೀಸ್. "ನಂದೂ ಕಣ್ರಪ್ಪ."

ಒಬ್ಬೊಬ್ಬರಾಗಿ ಎದ್ದರು. ಹೊಲಿದ ಕೈಗಳು, ಗಂಟುಗಟ್ಟಿದ ಕೈಗಳು, ಬ್ಯಾಂಡೇಜಿನ ಕೈಗಳು ಮೇಲೆ ಹೋದವು. ಕೆಲವರು ನಗುತ್ತಿದ್ದರು. ಒಬ್ಬ ಮುದುಕ ಅಳುತ್ತಿದ್ದ. ಹೆಂಗಸರ ಕಡೆಯಿಂದ ಹಬೀಬನ ಹೆಂಡತಿ ಅಖ್ತರಿ ಎದ್ದಳು. ಗಂಡನನ್ನು ಕೂರಿಸುತ್ತಾಳೆ ಎಂದುಕೊಂಡೆ.

"ಹೌದು, ನಮ್ಮೋರ್ದೂ ಅಷ್ಟೇ" ಎಂದು ಕೂಗಿದಳು. "ಆ ಕಂಬ್ಳಿ ವಾಪಸ್ ತಗೊಳ್ಳಿ."

ವೇದಿಕೆಯವರಿಗೆ ಏನು ಮಾಡಬೇಕೋ ತೋಚಲಿಲ್ಲ. ನಾಡಗೀತೆ ಹಾಕಿಸಿಬಿಟ್ಟರು. ಎಲ್ಲರೂ ಕೈ ಇಳಿಸಿ ನೆಟ್ಟಗೆ ನಿಂತೆವು. ಮಂಚದ ಮೇಲಿದ್ದ ನನ್ನ ಮಗಳೂ ಅಳಿಯನೂ ಎದ್ದು ನಿಂತರು. ಆಗ ಧನಲಕ್ಷ್ಮಿಯ ತಲೆ ಮೇಲಿತ್ತು. ಗೀತೆ ಮುಗಿದ ಮೇಲೆ ಅವಳು ಗಂಡನ ಹೆಗಲಿನ ಶಾಲು ತೆಗೆದು ಮಂಚದ ಮೇಲೆ ಹಾಕಿದಳು. ಇಬ್ಬರೂ ಮೆಟ್ಟಿಲಿಳಿದು ಬಂದರು.

ಮಾರನೆಯ ದಿನ ಮ್ಯಾನೇಜರು ಕರೆಸಿದರು. ಹೆಂಗಸರಿದ್ದ ಸಭೆಯಲ್ಲಿ ಅಸಭ್ಯವಾಗಿ ಮಾತಾಡಿದ್ದಕ್ಕೆ ಕ್ಷಮೆ ಕೇಳಬೇಕು ಎಂದರು. ಎಲ್ಲ ನರ್ಸುಗಳ ಮುಂದೆ, ಅಧ್ಯಕ್ಷರ ಮುಂದೆ.

"ನಮಗೇನೂ ಅಂದಿಲ್ಲ ಸಾರ್ ಅವ್ರು" ಎಂದಳು ತಸ್ಲೀಮಾ.

"ನೀನು ಸುಮ್ಮನಿರಮ್ಮ."

ಯೋಗಾನಂದ ಹೇಳಿದ. "ಜ್ವರ ಬಂದೈತೆ ಅಂದ್ರೆ ಕ್ಷಮೆ ಕೇಳಸ್ತೀರಾ? ಭೇದಿ ಅಂದ್ರೆ ಕೇಳಸ್ತೀರಾ? ಇದೂ ಮೈಯೇ ಸಾರ್. ನಾ ಕೇಳಲ್ಲ."

"ಯೋಚನೆ ಮಾಡ್ರಿ."

"ಮಾಡಿದೀನಿ. ಕೇಳಲ್ಲ."

ಅವನ ಕುರ್ಚಿಯ ಯಂತ್ರ ಕೆಟ್ಟಿದೆ ಎಂದರು. ಬೇರೆ ಕುರ್ಚಿ ಖಾಲಿ ಇಲ್ಲ ಎಂದರು. ಮಾಗಡಿಯಲ್ಲಿ ಜಾಗ ಇದೆ, ಅಲ್ಲಿಗೆ ಹೋಗಿ ಎಂದರು. ಕೆಟ್ಟ ಯಂತ್ರದ ಕುರ್ಚಿಯಲ್ಲಿ ಆ ವಾರವೇ ಬೇರೊಬ್ಬರು ಒರಗಿದ್ದನ್ನು ಹಬೀಬ ನೋಡಿದ.

ನಡೆದು ಹೋಗುತ್ತಿದ್ದವನು ವಾರಕ್ಕೆ ಮೂರು ದಿನ ಬಸ್ಸು ಹತ್ತಿದ. ಬರುವಾಗ ಬಿಪಿ ಇಳಿದು ಕಣ್ಣು ಕತ್ತಲಿಡುತ್ತಿತ್ತು. ಸೀಟು ಸಿಕ್ಕದ ದಿನ ಕಂಬ ಹಿಡಿದು ನಿಲ್ಲುತ್ತಿದ್ದ. ಉಬ್ಬಿದ ಕೈಗೆ ಯಾರ ಚೀಲವಾದರೂ ತಗುಲೀತೆಂದು ಅದನ್ನು ಎದೆಗೆ ಅವುಚಿಕೊಳ್ಳುತ್ತಿದ್ದ. ಪುಣ್ಯಕ್ಕೆ ಅಲ್ಲಿಯ ಡಾಕ್ಟರಮ್ಮ ಬೇರೆ ಥರದವರು. ಮೊದಲ ದಿನ ನಾನೂ ಜೊತೆಗಿದ್ದೆ. ಅಭ್ಯಾಸಬಲದಿಂದ ಯೋಗಾನಂದನ ಬಾಯಲ್ಲಿ ಅದೇ ಮಾತು ಬಂತು.

"ಸಂಸಾರ ಮಾಡಕಾಯ್ತಿಲ್ಲ ಡಾಕ್ಟ್ರಮ್ಮ."

ಅವರು ಪೆನ್ನು ಕೆಳಗಿಟ್ಟರು. "ಯಾವ ಸಂಸಾರ? ಅಡುಗೆಮನೇದಾ, ಮಂಚದ್ದಾ?"

ಯೋಗಾನಂದ ಅತ್ತುಬಿಟ್ಟ. ಮೂವತ್ತೆಂಟು ವರ್ಷದ ಗಂಡಸು, ಮೂಗಿನಿಂದ ನೀರು ಸುರಿಸಿಕೊಂಡು, "ಮಂಚದ್ದು" ಎಂದ.

"ಇದು ನಿಮ್ಮ ತಪ್ಪಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳೋ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇರುತ್ತೆ. ರಕ್ತ ಕಡಿಮೆ ಆಗಿರುತ್ತೆ, ಹಾರ್ಮೋನು ಏರುಪೇರಾಗಿರುತ್ತೆ. ಕೆಲವು ಬಿಪಿ ಮಾತ್ರೆಯಿಂದ ಆಗುತ್ತೆ, ಚಿಂತೆಯಿಂದಲೂ ಆಗುತ್ತೆ. ಒಂದೊಂದಾಗಿ ನೋಡೋಣ. ಅಂಗಡೀಲಿ ಮಾತ್ರೆ ಕೊಂಡು ನೀವೇ ನುಂಗಬೇಡಿ. ಹಾರ್ಟ್ ನೋಡಿ ನಾನೇ ಕೊಡ್ತೀನಿ. ಇಷ್ಟು ದಿನ ಯಾಕೆ ಯಾರಿಗೂ ಹೇಳ್ಲಿಲ್ಲ?"

ಹೊರಗೆ ಬಂದು ನಾವಿಬ್ಬರೂ ಮುಖ ನೋಡಿಕೊಂಡೆವು. ಯಾರಿಗೂ ಹೇಳಲಿಲ್ಲವಂತೆ. ಮಾವ ಅಳಿಯ ಇಬ್ಬರೂ ಬಸ್ ನಿಲ್ದಾಣದವರೆಗೂ ನಗುತ್ತ ಬಂದೆವು. ಜನ ತಿರುಗಿ ನೋಡಿದರು.

ಒಂದು ಮಾತ್ರೆ ಬದಲಾಯಿತು. ರಕ್ತ ಏರಲು ಇಂಜೆಕ್ಷನ್ ಕೊಟ್ಟರು. ಪರೀಕ್ಷೆ ಮಾಡಿ ಇನ್ನೊಂದು ಮಾತ್ರೆ ಕೊಟ್ಟರು. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಗ್ಗೆ ಎದ್ದು ನೋಡಿದರೆ ನಡುಮನೆಯಲ್ಲಿ ಅವನ ಚಾಪೆ ಇರಲಿಲ್ಲ. ನಾನು ಆ ದಿನ ಪೂಜೆಯನ್ನು ನಿಧಾನವಾಗಿ ಮಾಡಿದೆ. ಧನಲಕ್ಷ್ಮಿ ಕಾರ್ಖಾನೆಗೆ ಹೋಗುವಾಗ ಹಾಡಿಕೊಂಡು ಹೋದಳು. ಅವಳ ಹಾಡು ಕೇಳಿ ಎಷ್ಟು ಕಾಲವಾಗಿತ್ತೋ.

ಇಷ್ಟನ್ನು ರಾಮನಗರದಲ್ಲೇ ಮಾಡಬಹುದಿತ್ತು. ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಆ ಸೋಮವಾರದ ಹಿಂದಿನ ಶನಿವಾರ, ಅವನ ಡಯಾಲಿಸಿಸ್ ದಿನ, ಬಸ್ಸುಗಳೇ ಇರಲಿಲ್ಲ. ಯಾವುದೋ ದೊಡ್ಡ ಸಮಾವೇಶಕ್ಕೆ ಜನರನ್ನು ತುಂಬಿಕೊಂಡು ಹೋಗಿದ್ದವು. ಯೋಗಾನಂದ ನಿಲ್ದಾಣದಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದ. ಆಮೇಲೆ ನಮ್ಮೂರ ಕೇಂದ್ರಕ್ಕೇ ನಡೆದು ಹೋಗಿ, ಇವತ್ತೊಂದು ದಿನ ಹಾಕಿಕೊಳ್ಳಿ ಎಂದು ಕೇಳಿದ. ಒಂದು ಕುರ್ಚಿ ಖಾಲಿ ಇತ್ತು. ಮ್ಯಾನೇಜರು ಕ್ಷಮೆಯ ವಿಷಯ ಏನಾಯಿತು ಎಂದರು. ಅವನು ವಾಪಸು ಬಂದ. ಭಾನುವಾರ ಮಾಗಡಿಯಲ್ಲಿ ಯಂತ್ರ ನಡೆಯುವುದಿಲ್ಲ. ಆ ದಿನವೆಲ್ಲ ಉಸಿರು ಎಳೆದುಕೊಂಡು ಗೋಡೆಗೆ ಒರಗಿ ಕೂತಿದ್ದ. ದೊಡ್ಡಾಸ್ಪತ್ರೆಗೆ ಹೋಗೋಣ ಎಂದರೆ, "ನಾಳೆ ಮೊದಲ್ನೇ ಬಸ್ಸಿಗೇ ಹೋಯ್ತೀನಿ ಬುಡಿ ಮಾವ" ಎಂದ. ಮೊದಲ ಬಸ್ಸಿಗೆ ಹೋದ. ಮುಂದೆ ಕಂಡಕ್ಟರು ಹೇಳಿದ್ದನ್ನು ಆಗಲೇ ಬರೆದಿದ್ದೇನೆ.

ತಿಥಿಯ ದಿನ ಬಳಗದ ಅಧ್ಯಕ್ಷರು ಮನೆಗೆ ಬಂದರು. ನೆಂಟರೆಲ್ಲ ಕೂತಿದ್ದರು. ಅವರು ಕೈಮುಗಿದು ದೊಡ್ಡ ಧ್ವನಿಯಲ್ಲಿ ಹೇಳಿದರು. "ಆ ದಿನ ವೇದಿಕೆ ಮೇಲೆ ಅವರು ಆಡಿದ ಮಾತನ್ನು ನಾವು ಕ್ಷಮಿಸಿದ್ದೇವೆ. ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ."

ಧನಲಕ್ಷ್ಮಿ ಒಳಗಿನಿಂದ ಬಂದಳು. ಕೈಯಲ್ಲಿ ಬಡಿಸುವ ಸೌಟು ಇತ್ತು.

"ಏನ ಕ್ಷಮಿಸಿದ್ರಿ?"

"ಸುಮ್ನಿರವ್ವ" ಎಂದಳು ನನ್ನ ನಾದಿನಿ ಸರಸಮ್ಮ.

"ನೀವಿರಿ ಚಿಕ್ಕವ್ವ. ಏನ್ ಕ್ಷಮಿಸಿದ್ರಿ ಸಾರ್? ನನ್ ಗಂಡ ಕಾಯ್ಲೆ ಹೇಳ್ದ. ನೀವು ಕುರ್ಚಿ ಕಿತ್ಕಂಡ್ರಿ. ಶನಿವಾರ ಬಂದು ಕೇಳ್ದಾಗ ಕುರ್ಚಿ ಖಾಲಿ ಇತ್ತು. ಕೊಡ್ಲಿಲ್ಲ. ಕ್ಷಮಿಸೋದು ಬುಡೋದು ನಮಗ್ ಸೇರಿದ್ದು. ನಾನಿನ್ನೂ ಕ್ಷಮಿಸಿಲ್ಲ." ಅವಳು ನೆಂಟರ ಕಡೆ ತಿರುಗಿದಳು. "ಎಲ್ರೂ ಕೇಳಸ್ಕಳಿ. ಅವ್ನು ನನ್ ಜೊತೆ ಸಂಸಾರ ಮಾಡವ್ನೆ. ಚೆನ್ನಾಗೇ ಮಾಡವ್ನೆ. ಎದ್ದೋಗಿ ಸಾರ್."

ಅಧ್ಯಕ್ಷರು ಎದ್ದು ಹೋದರು. ಒಬ್ಬ ನೆಂಟನೂ ಅವರನ್ನು ಕಳಿಸಿಕೊಡಲು ಬಾಗಿಲವರೆಗೆ ಹೋಗಲಿಲ್ಲ.

ಊಟವಾದ ಮೇಲೆ ಹಬೀಬ ನನ್ನ ಪಕ್ಕ ಜಗಲಿಯ ಮೇಲೆ ಕೂತ. ಕೇಂದ್ರದ ಸುದ್ದಿ ಹೇಳಿದ. ಯೋಗಾನಂದ ಸತ್ತ ಮಾರನೆಯ ದಿನದಿಂದ ಯಾರೂ ಡಾಕ್ಟರಿಗೆ ನಮಸ್ಕಾರ ಹೇಳುತ್ತಿಲ್ಲವಂತೆ. ಡಾಕ್ಟರು ಒಂದೊಂದು ಕುರ್ಚಿಗೆ ಬಂದಾಗಲೂ ಆ ಕುರ್ಚಿಯವನು ಜೋರಾಗಿ, "ಡಾಕ್ಟ್ರೇ, ನಂದು ಏಳ್ತಿಲ್ಲ" ಎನ್ನುತ್ತಾನಂತೆ. ಮುಂದಿನ ಕುರ್ಚಿಯವನೂ ಅದನ್ನೇ. ಅದರ ಮುಂದಿನವನೂ ಅದನ್ನೇ.

"ಒಬ್ಬ ತಾತ ಅವ್ನೆ ಚಲುವಯ್ಯಣ್ಣ, ಎಂಬತ್ತು ಆಗೈತೆ. ಅವ್ನೂ ಹೇಳ್ತಾನೆ. ಎಲ್ರನ್ನೂ ಮಾಗಡಿಗೆ ಕಳ್ಸಕಾಯ್ತದಾ? ನಿನ್ನೆ ಡಾಕ್ಟರು ನಿಂತ್ಕಂಡು ಎಲ್ರ ಮಾತ್ರೆ ಚೀಟಿ ನೋಡುದ್ರು. ಕಂಬ್ಳಿ ಮಾತ್ರ ಯಾರ್ಗೂ ಬರ್ಲಿಲ್ಲ."

ನಾನು ಬಹಳ ದಿನದ ಮೇಲೆ ನಕ್ಕೆ. ನಗುತ್ತ ಅತ್ತೆ. ಹಬೀಬ ತನ್ನ ಸುಕ್ಕಾದ ಬೆರಳುಗಳಿಂದ ನನ್ನ ಕೈ ಹಿಡಿದುಕೊಂಡಿದ್ದ.

ಮಾಗಡಿ ರಂಗನಾಥಸ್ವಾಮಿ, ನಿನ್ನ ಮುಂದೆ ಮರೆಯ ಮಾತು ಆಡುವುದಿಲ್ಲ. ಯೋಗಾನಂದ ಸತ್ತಿದ್ದಾನೆ. ನಿನ್ನ ಊರಿನ ದಾರಿಯಲ್ಲಿ, ಬಸ್ಸಿನ ಸೀಟಿನಲ್ಲಿ ಸತ್ತ. ಅವನು ಈಗ ನಿನ್ನಲ್ಲಿದ್ದಾನೆ ಎಂದು ನಂಬಿದ್ದೇನೆ. ಇಲ್ಲಿ ಅವನು ಮೂರು ವರ್ಷ ನೀರನ್ನು ಲೋಟದಲ್ಲಿ ಅಳೆದು ಕುಡಿದ, ಬಾಯಾರಿದಾಗ ಐಸಿನ ಚೂರು ಚೀಪಿದ. ಅವನಿಗೆ ಹೊಟ್ಟೆ ತುಂಬ ನೀರು ಕೊಡು. ಹೊಲಿಗೆ ಇಲ್ಲದ ಕೈ ಕೊಡು. ಅವನು ಏನಾದರೂ ಕೇಳಿದರೆ ಪೂರ್ತಿ ಕೇಳಿಸಿಕೋ, ಕೇಳಿದ್ದನ್ನೇ ಕೊಡು. ಕೊಡಲಾಗದಿದ್ದರೆ ಇಲ್ಲ ಎಂದು ಅವನಿಗೆ ಹೇಳು, ಅವನು ತಡೆದುಕೊಳ್ಳುತ್ತಾನೆ. ನಮಗೆ ಶಾಂತಿ ಕೊಡಬೇಡ, ಇನ್ನೂ ಕೆಲಸವಿದೆ. ಅವನಿಗೆ ಕೊಡು. ಅವನು ಬಹಳ ದಣಿದಿದ್ದಾನೆ. ನನ್ನ ಮಗುವಿಗೆ ಶಾಂತಿ ಕೊಡು ಸ್ವಾಮಿ.